ಎಡ ಅಂಗೈಯ ಭಾರ

ಔಷಧದ ಡಬ್ಬಿಯೊಳಗೆ ಮಡಚಿ ಇಟ್ಟಿರುವ ಆ ತೆಳ್ಳನೆಯ ಕಾಗದವನ್ನು ನಾನು ಎಂದೂ ನಂಬಿದವನಲ್ಲ. ಇಳಕಲ್ಲಿನಲ್ಲಿ ಔಷಧದ ಅಂಗಡಿ ಇಟ್ಟುಕೊಂಡು ಹೊಟ್ಟೆ ಹೊರೆಯುವವನು ಹೀಗೆ ಹೇಳಬಾರದು, ಆದರೆ ಇದ್ದದ್ದನ್ನು ಇದ್ದ ಹಾಗೇ ಹೇಳುತ್ತಿದ್ದೇನೆ. ತಲೆ ತಿರುಗಬಹುದು, ಬಾಯಿ ಒಣಗಬಹುದು, ಕೆಟ್ಟ ಕನಸು ಬೀಳಬಹುದು ಎಂದು ಅದರಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಬರೆದಿರುತ್ತಾರೆ. ಓದಿದ ಗಿರಾಕಿಗೆ ಅವೆಲ್ಲ ಮರುದಿನವೇ ಶುರು. ಓದದವನಿಗೆ ಏನೂ ಇಲ್ಲ. ಅದಕ್ಕೇ ಕೆಲವರಿಗೆ ಡಬ್ಬಿ ಕೊಡುವಾಗ ಆ ಕಾಗದವನ್ನು ಎತ್ತಿ ಕಸದ ಬುಟ್ಟಿಗೆ ಹಾಕಿ, "ಇದನ್ನ ಓದಬ್ಯಾಡ್ರಿ, ಓದಿದ್ರ ಇಲ್ಲದ ಬ್ಯಾನಿ ಬರ್ತಾವ" ಎಂದು ನಗಿಸಿ ಕಳಿಸುತ್ತಿದ್ದೆ. ಶಕುನ, ಕನಸಿನ ಫಲ, ಮೈಮೇಲೆ ಬರುವುದು, ಇವುಗಳಿಗೂ ನನ್ನ ಹತ್ತಿರ ಅಷ್ಟೇ ಮರ್ಯಾದೆ. ಆದ್ದರಿಂದ ಈಗ ಹೇಳುವುದನ್ನು ನೀವು ನಂಬದಿದ್ದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ನನಗೆ ಚಿಕ್ಕಂದಿನಿಂದಲೂ ಅರೆತಲೆನೋವು. ಬಂತೆಂದರೆ ಬಲಗಣ್ಣಿನ ಹಿಂದೆ ಯಾರೋ ಗೂಟ ಹೊಡೆದ ಹಾಗೆ. ಅಂಗಡಿಯ ಬೆಳಕು ಬೇಡ, ಗಿರಾಕಿಯ ಮಾತು ಬೇಡ, ಒಗ್ಗರಣೆಯ ವಾಸನೆಯಂತೂ ಬೇಡವೇ ಬೇಡ. ಊರಿಗೆಲ್ಲ ಗುಳಿಗೆ ಕೊಡುವ ನಾನು ಕಣ್ಣಿಗೆ ಒದ್ದೆ ಅರಿವೆ ಕಟ್ಟಿಕೊಂಡು ಕತ್ತಲಕೋಣೆಯಲ್ಲಿ ಬಿದ್ದಿರುತ್ತಿದ್ದೆ. ಕೊನೆಗೆ ನನ್ನ ಹೆಂಡತಿ ಶಾಂತಾ ಬೆನ್ನುಹತ್ತಿ ಬಾಗಲಕೋಟೆಗೆ ಕರೆದುಕೊಂಡು ಹೋದಳು. ಅಲ್ಲಿನ ಡಾಕ್ಟರು ದಿನವೂ ತಪ್ಪದೆ ತೆಗೆದುಕೊಳ್ಳಲು ಒಂದು ಗುಳಿಗೆ ಬರೆದುಕೊಟ್ಟರು. ಮೊದಲು ಸಣ್ಣ ಡೋಸು, ಆಮೇಲೆ ಹೆಚ್ಚಿಸುವುದು. "ಏನರ ವಿಚಿತ್ರ ಅನಿಸಿದ್ರ ನನಗ ಹೇಳ್ರಿ, ನೀವ ಅಂಗಡಿಯವ್ರು ಅಂತ ನಿಮ್ಮಷ್ಟಕ್ಕ ನೀವ ಡಾಕ್ಟರಕಿ ಮಾಡಬ್ಯಾಡ್ರಿ" ಎಂದರು.

ತಲೆನೋವು ನಿಂತಿತು. ನಿಜ ಹೇಳುತ್ತೇನೆ, ಆ ಸಂತೋಷದಲ್ಲಿ ಉಳಿದದ್ದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಸೋಡಾ ಕುಡಿದರೆ ಕಬ್ಬಿಣ ನೆಕ್ಕಿದ ರುಚಿ. ಮಾತಾಡುತ್ತ ಮಾತಾಡುತ್ತ ಗೊತ್ತಿರುವ ಶಬ್ದವೇ ಕೈಕೊಡುತ್ತಿತ್ತು. ಒಮ್ಮೆ ಊಟಕ್ಕೆ ಕೂತು "ಅದು... ಅದು ಕೊಡು" ಎಂದು ಸೌಟಿನ ಕಡೆ ಬೆರಳು ಮಾಡಿದರೆ, ಶಾಂತಾ "ನನ್ನ ಹೆಸರರ ನೆನಪೈತಿಲ್ಲೋ?" ಎಂದು ಕಾಡಿಸಿದಳು. ಬೆರಳ ತುದಿಗಳಲ್ಲಿ ಜುಮುಜುಮು. ಇದೆಲ್ಲ ಕಾಗದದಲ್ಲಿ ಬರೆದದ್ದೇ ಎಂದು ನನಗೂ ಗೊತ್ತಿತ್ತು.

ಎಡ ಅಂಗೈಯದು ಮಾತ್ರ ಬೇರೆ.

ನಾನು ದೊಡ್ಡ ಭಕ್ತನೇನಲ್ಲ. ಆದರೆ ನಮ್ಮ ಮನೆತನದ ರೂಢಿ, ಸ್ನಾನವಾದ ಮೇಲೆ ಕೊರಳಲ್ಲಿರುವ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ಪೂಜೆ ಮಾಡದೆ ಬಾಯಿಗೆ ಚಹಾ ಸೋಕಿಸುವುದಿಲ್ಲ. ಡೋಸು ಹೆಚ್ಚಿಸಿದ ಮೇಲೆ, ಪೂಜೆ ಮುಗಿಸಿ ಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಎದೆಯ ಮೇಲೆ ಬಿಟ್ಟುಕೊಂಡರೂ ಅಂಗೈಯಲ್ಲಿ ಅದರ ಭಾರ ಹಾಗೇ ಉಳಿಯತೊಡಗಿತು. ಅಂಗಡಿಯಲ್ಲಿ ಕೂತಾಗಲೂ ಅದೇ. ಖಾಲಿ ಕೈಯನ್ನು ತಿರುವಿ ತಿರುವಿ ನೋಡುತ್ತಿದ್ದೆ. ನರದ ಆಟ ಎಂದುಕೊಂಡೆ. ಡಾಕ್ಟರಿಗೆ ಹೇಳಿದರೆ ಗುಳಿಗೆ ನಿಲ್ಲಿಸಿಬಿಟ್ಟಾರು ಎಂಬ ಭಯದಲ್ಲಿ ಹೇಳಲಿಲ್ಲ.

ಒಂದು ಮಧ್ಯಾಹ್ನ ಊಟ ಮಾಡಿ ಬಂದು, ಅಂಗಡಿಯ ಶಟರ್ ಅರ್ಧ ಇಳಿಸಿ ಕುರ್ಚಿಗೆ ಒರಗಿದ್ದೆ. ಹೊರಗೆ ಸುಡುಬಿಸಿಲು. ನಿದ್ದೆ ಹತ್ತಿರಲಿಲ್ಲ ಎಂದು ಆಣೆ ಮಾಡಿ ಹೇಳಬಲ್ಲೆ, ಏಕೆಂದರೆ ರಸ್ತೆಯಲ್ಲಿ ಹುನಗುಂದದ ಬಸ್ಸಿಗೆ ಯಾರೋ ಕೂಗಿ ಕರೆಯುತ್ತಿದ್ದದ್ದು ಕೇಳುತ್ತಿತ್ತು. ಕೇಳುತ್ತಿದ್ದ ಹಾಗೇ ಆ ದನಿ ದೂರವಾಯಿತು. ನನ್ನ ಕಾಲುಗಳು ಪದ್ಮಾಸನ ಹಾಕಿದ ಹಾಗೆ ಮಡಚಿಕೊಂಡಿದ್ದವು. ಬೆನ್ನಿಗೆ ತಣ್ಣನೆಯ ಹಸಿಮಣ್ಣು ತಗುಲುತ್ತಿತ್ತು. ವಿಭೂತಿ ಮತ್ತು ಬಿಲ್ವಪತ್ರೆಯ ವಾಸನೆ. ಕಣ್ಣು ತೆರೆಯಲಿಲ್ಲ, ನಾಲಿಗೆ ಏಳಲಿಲ್ಲ. ಮೇಲಿನಿಂದ ಜನರ ಗುಜುಗುಜು ಬರುತ್ತಿತ್ತು. ಆಗ ಯಾರೋ ನನ್ನ ಎಡಗೈ ಎತ್ತಿ, ಅಂಗೈಯಲ್ಲಿ ಲಿಂಗ ಇಟ್ಟು, ನನ್ನ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಚಿದರು. ಆ ಕೈಯ ಹೆಬ್ಬೆರಳಿಗೆ ಬ್ಯಾಂಡೇಜ್ ಬಟ್ಟೆ ಸುತ್ತಿತ್ತು. ದಿನಾ ಮಾರುವ ವಸ್ತು, ಅದರ ಒರಟು ನನಗೆ ಗೊತ್ತಾಗದೆ ಇರುತ್ತದೆಯೇ?

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಕುಣಿ ತೆಗೆದು, ಅದರಲ್ಲಿ ಕೂಡ್ರಿಸಿ, ಎಡ ಅಂಗೈಯಲ್ಲಿ ಅವರ ಲಿಂಗವನ್ನು ಇಟ್ಟು ಮಣ್ಣು ಕೊಡುತ್ತೇವೆ. ಅಪ್ಪನನ್ನು ಹಾಗೆ ಕೂಡ್ರಿಸಿದ್ದನ್ನು ಕುಣಿಯ ಅಂಚಿನಲ್ಲಿ ನಿಂತು ನೋಡಿದ್ದೆ. ಹಾಗಾಗಿ ನಾನು ಎಲ್ಲಿ ಕೂತಿದ್ದೇನೆ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಶಾಂತಾ ಬಂದು ಶಟರ್ ಎತ್ತಿದ ಸದ್ದಿಗೆ ಕಣ್ಣು ತೆರೆಯಿತು. ಕುರ್ಚಿಯಲ್ಲೇ ಇದ್ದೆ. ಆದರೆ ಎಡಮುಷ್ಟಿ ಬಿಚ್ಚುತ್ತಿರಲಿಲ್ಲ. ಅವಳು ಗಾಬರಿಯಾಗಿ ಬೆರಳುಗಳನ್ನು ಎಳೆದೆಳೆದು ಬಿಡಿಸಿದಳು. ಒಳಗೆ ನನ್ನ ಉಗುರು ನಾಟಿದ ಗುರುತು ಬಿಟ್ಟರೆ ಏನೂ ಇರಲಿಲ್ಲ. "ಗುಳಿಗಿ ಶಾಖ ಇರಬೇಕು" ಎಂದು ಅವಳಿಗೆ ಹೇಳಿದೆ. ನನ್ನ ಸಾವು ಹತ್ತಿರ ಬಂದಿದೆ ಎಂದು ಒಳಗೆ ನನಗೆ ಗಟ್ಟಿಯಾಗಿತ್ತು. ನಾನು ಹೆದರಿದ್ದೆ, ಭಾಳ ಹೆದರಿದ್ದೆ.

ಹೇಳಿಕೊಳ್ಳಲು ನನಗಿದ್ದವನು ಒಬ್ಬನೇ, ನನ್ನ ಅಣ್ಣ. ಬಾದಾಮಿಯಲ್ಲಿ ಸ್ಟೇಷನ್ ರಸ್ತೆಗೆ ಅವನದೊಂದು ಖಾನಾವಳಿ. ಗುಹೆ ನೋಡಲು ಬಂದವರಿಗೆಲ್ಲ ರೊಟ್ಟಿ, ಎಣ್ಣೆಗಾಯಿ ಬಡಿಸುತ್ತ, ಮಾತಿನಲ್ಲೇ ಅವರ ಅರ್ಧ ಹೊಟ್ಟೆ ತುಂಬಿಸುವ ಮನುಷ್ಯ. ಮರುದಿನವೇ ಬಸ್ಸು ಹತ್ತಿದೆ. ಎಲ್ಲ ಕೇಳಿ ಅವನು ನಕ್ಕುಬಿಟ್ಟ.

"ಲೇ, ಊರ ಮಂದಿಗೆ ಗುಳಿಗಿ ನುಂಗಿಸಾಂವ ಒಂದು ಗುಳಿಗಿ ತಡಕೊಳ್ಳಾಕ ಆಗವಲ್ದು ನಿನಗ? ತಾ ಇಲ್ಲಿ, ಎಲ್ಲೈತಿ ಭಾರ, ನಾನೂ ನೋಡ್ತೇನಿ" ಎಂದು ನನ್ನ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ.

ಆ ಕ್ಷಣಕ್ಕೆ ಜುಮುಜುಮು ನಿಂತಿತು. ಭಾರ ಇಳಿಯಿತು. ಎಷ್ಟೋ ವಾರಗಳಿಂದ ಹೊತ್ತದ್ದು ಒಮ್ಮೆಗೇ ಹೋದಾಗ ಮನುಷ್ಯನಿಗೆ ಅಳು ಬರುತ್ತದೆ ಎಂದು ನನಗೆ ಅಂದೇ ತಿಳಿದದ್ದು. "ಅಣ್ಣಾ, ಹೋತೋ! ಖರೇನ ಹೋತು!" ಎಂದೆ.

"ಹಂಗಾರ ನನಗ ಕೊಟ್ಟಿ ಅನ್ನು" ಎಂದು ಅವನು ತನ್ನ ಅಂಗೈ ಮೇಲೆ ಕೆಳಗೆ ಮಾಡಿ ತೂಗಿದ. "ಏನ್ ಭಾರೋ ಮಾರಾಯಾ, ರೊಟ್ಟಿ ಬಡಿಯಾಕ ಬರೂದಿಲ್ಲಿನ್ನ!" ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಒಳಗಿದ್ದ ವೈನಿ, ಅಂದರೆ ಅವನ ಹೆಂಡತಿ, ಏನೆಂದು ಇಣುಕಿ ನೋಡಿ ಹೋದರು. ಬರುವಾಗ ಬಸ್ಸಿನಲ್ಲಿ ನಾನು ಹಗುರಾಗಿ ನಿದ್ದೆ ಮಾಡಿದೆ.

ಆ ತಿಂಗಳು ಕಳೆದಿರಲಿಲ್ಲ. ಬೆಳಿಗ್ಗೆ ಅಂಗಡಿ ತೆರೆಯುವಾಗ ಶಟರ್ ಜಾರಿ ಬಲಗೈ ಹೆಬ್ಬೆರಳು ಸಿಕ್ಕಿಬಿತ್ತು. ರಕ್ತ ಒರೆಸಿ ನಾನೇ ಬ್ಯಾಂಡೇಜ್ ಬಟ್ಟೆ ಸುತ್ತಿಕೊಂಡೆ. ಗಂಟು ಹಾಕುತ್ತಿರುವಾಗಲೇ ಬಾದಾಮಿಯಿಂದ ಫೋನು ಬಂತು. ಅಣ್ಣ ಒಲೆಯ ಮುಂದೆ ಕೂತವನು ಕೂತಲ್ಲೇ ಹೋಗಿದ್ದ. ಹೃದಯ ನಿಂತಿತು ಎಂದರು. ಅಲ್ಲಿಯವರೆಗೆ ಅವನಿಗೆ ಒಂದು ದಿನವೂ ಎದೆ ಹಿಡಿದದ್ದಿಲ್ಲ.

ಅಂದೇ ಸಂಜೆ ಮಣ್ಣು. ಅವನಿಗೆ ಗಂಡುಮಕ್ಕಳಿಲ್ಲದ್ದರಿಂದ, ಕ್ರಿಯೆ ಮಾಡಿಸುತ್ತಿದ್ದ ಅಯ್ಯನವರು "ತಮ್ಮಾ, ನೀವ ಇಳೀರಿ" ಎಂದರು. ಕುಣಿಗೆ ಇಳಿದೆ. ಅವನನ್ನು ಕೂಡ್ರಿಸಿದ್ದರು. ಹಣೆಯ ತುಂಬ ವಿಭೂತಿ, ಬೆನ್ನಿಗೆ ಹಸಿಮಣ್ಣು. ಲಿಂಗವನ್ನು ನನ್ನ ಕೈಗೆ ಕೊಟ್ಟರು. ಅವನ ಎಡಗೈ ಎತ್ತಿ, ಅಂಗೈಯಲ್ಲಿ ಇಟ್ಟು, ಬೆರಳುಗಳನ್ನು ಮಡಚತೊಡಗಿದೆ. ಎರಡನೆಯ ಬೆರಳಿಗೆ ಬಂದಾಗ ನನ್ನ ಹೆಬ್ಬೆರಳಿನ ಬಟ್ಟೆ ಅವನ ಚರ್ಮಕ್ಕೆ ತಾಕಿದ್ದು ಕಂಡಿತು. ಕುರ್ಚಿಯಲ್ಲಿ ಕೂತಿದ್ದ ಆ ಮಧ್ಯಾಹ್ನ ನನ್ನ ಬೆರಳು ಮಡಚಿದ್ದು ಯಾರ ಕೈ ಎಂದು ನನಗೆ ಅಲ್ಲಿ ಗೊತ್ತಾಯಿತು.

ಉಳಿದ ಬೆರಳುಗಳನ್ನು ಹೇಗೆ ಮಡಚಿದೆನೋ ನೆನಪಿಲ್ಲ. ನನ್ನನ್ನು ಮೇಲೆ ಎಳೆದುಕೊಂಡವರು, "ಅಣ್ಣನ ಮ್ಯಾಲೆ ಭಾಳ ಜೀವ ಇಟ್ಟಿದ್ದ" ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು.

ಆಮೇಲೆ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಅವರು ನಗಲಿಲ್ಲ, ಅದಕ್ಕೆ ನಾನು ಋಣಿ. ಜುಮುಜುಮು ಗುಳಿಗೆಯದು, ಎಚ್ಚರವಿದ್ದೂ ಮೈ ಅಲ್ಲಾಡದ್ದು ನಿದ್ದೆಯ ಅಂಚಿನಲ್ಲಿ ಎಷ್ಟೋ ಜನಕ್ಕೆ ಆಗುವುದು, ಉಳಿದದ್ದನ್ನು ದುಃಖ ಜೋಡಿಸುತ್ತದೆ ಎಂದರು. ಗುಳಿಗೆಯನ್ನು ಮೆಲ್ಲಗೆ ಇಳಿಸಿ ನಿಲ್ಲಿಸಿದರು. ತಲೆನೋವು ತಿರುಗಿ ಬಂದಿದೆ. ಅಂಗೈ ಸುಮ್ಮನಿದೆ. ಅವರ ಮಾತು ಸರಿಯಿರಬಹುದು, ಸರಿಯಿರಲಿ ಎಂದೇ ನನ್ನ ಆಸೆ. ಅಣ್ಣನಿಗೆ ಬರಲಿದ್ದದ್ದು ನನಗೆ ಮೊದಲು ತಿಳಿಯಿತೋ, ನನಗೆ ಬಂದದ್ದನ್ನು ಅವನ ಕೈಗೆ ಇಟ್ಟು ಬಂದೆನೋ, ಇಂದಿಗೂ ನನಗೆ ಗೊತ್ತಿಲ್ಲ.

ವೈನಿ ಈಗ ಒಬ್ಬರೇ ಖಾನಾವಳಿ ನಡೆಸುತ್ತಾರೆ. ಹೋದ ಸಲ ಹೋದಾಗ ನನಗೆ ರೊಟ್ಟಿ ಬಡಿಸಿ, ಎದುರಿಗೆ ಕೂತು, "ಅವತ್ತ ಇಬ್ರೂ ಯಾಕ ಅಷ್ಟ ನಕ್ರಿ? ನೀವು ಹೋದ ಮ್ಯಾಲೂ ಅವ್ರು ಎಷ್ಟೋ ದಿನ ಕೈ ನೋಡ್ಕೊಂತ ಒಬ್ರ ನಗತಿದ್ರು. ಕೇಳಿದ್ರ, ತಮ್ಮನ್ನ ಕೇಳು ಅಂದ್ರು. ಏನಿತ್ತರೀ ಅದು?" ಎಂದರು. ನಾನು ಕೈಯಲ್ಲಿದ್ದ ತುತ್ತನ್ನು ತಟ್ಟೆಯಲ್ಲಿಟ್ಟು, ಎಡಗೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡೆ. ಅವರು ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದರು.