ಕಪ್ ಒಬ್ಬರಿಗೆ, ಬಶಿ ಒಬ್ಬರಿಗೆ

ಇಂಡಿ ಪಟ್ಟಣದ ಲಿಂಬೆ ಬಜಾರಿಗೆ ಕಲ್ಮೇಶನ ಟೆಂಪೊ ಗಾಡಿ ಬಂದು ನಿಂತರೆ ಹಮಾಲರು ಮೊದಲು ನೋಡುತ್ತಿದ್ದದ್ದು ಅವನ ಮುಖ. ಮುಖ ಸಡಿಲ ಇದ್ದರೆ ಚೇಷ್ಟೆ ಮಾಡುತ್ತಿದ್ದರು, ಬಿಗಿದಿದ್ದರೆ ಬಾಯಿ ಮುಚ್ಚಿಕೊಂಡು ಚೀಲ ಎತ್ತುತ್ತಿದ್ದರು. ನಲವತ್ತೈದು ದಾಟಿದ ಗಂಡಸು. ಎತ್ತಿನ ಕುತ್ತಿಗೆ, ಹಲಗೆಯಂಥ ಅಂಗೈ, ಯಾವುದೋ ಹೊಡೆದಾಟದಲ್ಲಿ ಎಡಕ್ಕೆ ತಿರುಗಿದ ಮೂಗು. ಐದನೇ ಇಯತ್ತೆಯಲ್ಲಿ ಮಾಸ್ತರರು ಕಿವಿ ಹಿಂಡಿದರೆಂದು ಪಾಟಿಯಿಂದ ಅವರ ಮೊಣಕಾಲಿಗೆ ಬಾರಿಸಿ ಓಡಿಬಂದವನು ಮತ್ತೆ ಶಾಲೆಯ ಕಟ್ಟೆ ಹತ್ತಲಿಲ್ಲ. ದೊಡ್ಡವನಾದ ಮೇಲೆ ದೇವಣಗಾಂವದ ಹಾದಿಯಲ್ಲಿ ಒಬ್ಬ ಗಾಡಿಗೆ ಅಡ್ಡ ಬಂದು ಮೇಲಿಂದ ಬೈದನೆಂದು, ಅವನ ಸೈಕಲ್ಲನ್ನೇ ಎತ್ತಿ ಬಾವಿಗೆ ಒಗೆದಿದ್ದ. ಸೈಕಲ್ಲಿನ ಹಿಂದೆ ಅದರ ಮಾಲೀಕನನ್ನೂ ಒಗೆಯುತ್ತಿದ್ದ, ಹೆಂಡತಿ ಸುರೇಖಾ ಕೊರಳಿಗೆ ಜೋತುಬಿದ್ದಳೆಂದು ಬಿಟ್ಟ.

ಇಂಥವನು ಮೆತ್ತಗಾಗುತ್ತಿದ್ದದ್ದು ಚಹಾದ ಮುಂದೆ ಮಾತ್ರ. ಹೆಗಲ ಮೇಲಿನ ಟವೆಲ್ಲು ತೆಗೆದು ಮೊದಲು ಬಶಿ ಒರೆಸುತ್ತಿದ್ದ. ತೊಳೆದ ಬಶಿಯಲ್ಲಿ ಒಂದು ಹನಿ ನೀರು ಉಳಿದರೂ ರುಚಿ ಕೆಡುತ್ತದೆ ಅನ್ನುವುದು ಅವನ ಹಟ. ಒರೆಸಿ, ಕಪ್ಪಿನ ಚಹಾ ಪೂರ್ತಿ ಬಶಿಗೆ ಸುರಿದು, ಊದಿ, ಕಣ್ಣು ಮುಚ್ಚಿ ಸೊರ್ ಅಂತ ಎಳೆಯುತ್ತಿದ್ದ. ಆ ಹೊತ್ತಿಗೆ ಅವನನ್ನು ಯಾರು ಬೈದರೂ ಕೇಳಿಸುತ್ತಿರಲಿಲ್ಲ.

ಇತ್ತೀಚಿನ ವರ್ಷಗಳಲ್ಲಿ ನಮ್ಮ ಕಡೆಯ ಊರೂರಲ್ಲೂ ಹೊಸ ನಮೂನೆಯ ಚಹಾದ ಅಂಗಡಿಗಳು ಎದ್ದಿವೆ. ಬಣ್ಣಬಣ್ಣದ ದೀಪ, ಗೋಡೆಯ ತುಂಬ ಹೆಸರು: ಗುಲ್ಕಂದ ಚಹಾ, ಚಾಕಲೇಟು ಚಹಾ, ಬಾಸುಂದಿ ಚಹಾ, ಅನಾನಸು ಚಹಾ. ಬಸವನ ಬಾಗೇವಾಡಿಯಲ್ಲಿ ಅಂಥ ಒಂದು ಅಂಗಡಿಯ ಚಾಕಲೇಟು ಚಹಾ ಬಾಯಿಗಿಟ್ಟವನೇ ಕಲ್ಮೇಶ ಎದ್ದು ನಿಂತು, ಇದು ಚಹಾ ಅಲ್ಲ, ಕೂಸುಗಳಿಗೆ ಜಂತಿನ ಹುಳಕ್ಕೆ ಕೊಡುವ ಔಷಧ ಎಂದು ಕೂಗಾಡಿದ. ಗಾಡಿಯಲ್ಲಿ ಜೊತೆಗೇ ತಿರುಗುತ್ತಿದ್ದ ಸುರೇಖಾ ಸುಮ್ಮನೆ ಮೊಬೈಲು ಹಿಡಿದಳು. ಆ ವಿಡಿಯೋ ಇಂಡಿಯಿಂದ ಮುದ್ದೇಬಿಹಾಳದವರೆಗೆ ಎಲ್ಲರ ಮೊಬೈಲಿನಲ್ಲೂ ಓಡಾಡಿತು. ಅಲ್ಲಿಂದ ಅದೇ ರೂಢಿಯಾಯಿತು. ಗಂಡ ಕುಡಿಯುವುದು, ಹೆಂಡತಿ ಹಿಡಿಯುವುದು. ಗುಲ್ಕಂದ ಚಹಾಕ್ಕೆ, ಪಾನ್ ಅಂಗಡಿಯ ಮುಂದೆ ಜಾರಿಬಿದ್ದು ಬಂದ ಚಹಾ ಅಂದ. ಅನಾನಸು ಚಹಾ ಮಾಡಿದವನ ಡಬ್ಬಿಯನ್ನೇ ಕಸಿದು ಗಟಾರಕ್ಕೆ ಸುರಿದ. ಚೆಂದ ಇದ್ದರೆ ಚೆಂದ ಅನ್ನುತ್ತಿದ್ದ, ಅದಕ್ಕೂ ಬೈಗಳವೇ ಬಳಸುತ್ತಿದ್ದ. ಇಂಡಿಯ ಒಬ್ಬ ಮುದುಕಿ ಹಾಲಿಲ್ಲದೆ ಮಾಡಿದ ದಾಳಿಂಬೆ ಚಹಾ ಕುಡಿದು, "ಹಾಳಾದಾಕಿ, ಇಷ್ಟ್ ದಿನಾ ಎಲ್ಲಿ ಮುಚ್ಚಿಟ್ಟಿದ್ದೀಬೇ ಇದನ್ನ" ಅಂದದ್ದಕ್ಕೆ, ಮರುದಿನ ಆಕೆಯ ಮನೆಯ ಮುಂದೆ ಮೋಟಾರ್‌ಸೈಕಲ್ಲು ನಿಲ್ಲಿಸಲು ಜಾಗವಿರಲಿಲ್ಲ. ಕಲ್ಮೇಶ ಹೂಂ ಅಂದರೆ ಅಂಗಡಿ ತುಂಬುತ್ತಿತ್ತು, ಥೂ ಅಂದರೆ ನೊಣವೂ ಬರುತ್ತಿರಲಿಲ್ಲ.

ಮುದ್ದೇಬಿಹಾಳದ ಕಾಲೇಜು ರಸ್ತೆಯಲ್ಲಿ ಬಸಂತರಾಯ ಅಂಗಡಿ ತೆರೆದದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ಸೋಲಾಪುರದಲ್ಲಿ ಬಹಳ ವರ್ಷ ಮಿಠಾಯಿ ಭಟ್ಟಿಯ ಮುಂದೆ ಬೆಂದು ಬಂದ ಸಣಕಲ ಮನುಷ್ಯ. ಅವನ ಹೆಂಡತಿ ವಿದ್ಯಾವತಿ ಬೆಳಗಿನಿಂದ ಕೂತು ಸೀತಾಫಲದ ಬೀಜ ಬಿಡಿಸುತ್ತಿದ್ದಳು. ಆ ತಿರುಳನ್ನು ಬತ್ತಿಸಿದ ಹಾಲಿಗೆ ಕಲಸಿ, ಮೇಲೆ ಕಡಕ್ ಚಹಾದ ಡಿಕಾಕ್ಷನ್ ಹಾಕಿ ಕೊಡುತ್ತಿದ್ದ. ಸೀತಾಫಲದ ಚಹಾ ಕುಡಿಯಲು ಕಾಲೇಜಿನ ಹುಡುಗಿಯರು ಪಾಳಿ ಹಚ್ಚುತ್ತಿದ್ದಾರೆ ಅನ್ನುವ ಸುದ್ದಿ ಕಲ್ಮೇಶನಿಗೂ ಮುಟ್ಟಿತು. ಲಿಂಬೆಯ ಲೋಡು ಹೇರಿಕೊಂಡು ಹೆಂಡತಿಯೊಡನೆ ಹೊರಟ.

ಮಳೆಗಾಲದ ಲಿಂಬೆಗೆ ತೊಗಲು ತೆಳು, ಒಳಗೆಲ್ಲ ನೀರು. ತಾಳಿಕೋಟಿ ದಾಟಿದ ಮೇಲೆ ಒಂದು ಎಮ್ಮೆ ರಸ್ತೆಗೆ ಇಳಿಯಿತು. ಬ್ರೇಕು ಒತ್ತಿದ ಹೊಡೆತಕ್ಕೆ ಚೀಲಗಳು ಒಂದರ ಮೇಲೊಂದು ಬಿದ್ದು, ಅಡಿಯವು ಹಿಚುಕಿಹೋದವು. ಕಲ್ಮೇಶ ಎಮ್ಮೆಯ ಮಾಲೀಕನ ಎದೆಗೆ ಒದ್ದು, ಚೀಲ ಎತ್ತಿ ಕಟ್ಟಿ, ಹಲಗೆಯ ಮೇಲೆ ಹರಿದ ರಸವನ್ನು ಹೆಗಲ ಟವೆಲ್ಲಿನಿಂದ ಒರೆಸಿ ಹಿಂಡಿ, ಅದನ್ನು ಮತ್ತೆ ಹೆಗಲಿಗೆ ಹಾಕಿಕೊಂಡು ಗಾಡಿ ಹತ್ತಿದ. ಲಿಂಬೆಯ ವಾಸನೆ ಅವನಿಗೆ ಎಂದೋ ಬರುವುದು ನಿಂತಿತ್ತು. ಇಪ್ಪತ್ತು ವರ್ಷ ಅದರಲ್ಲೇ ಮುಳುಗಿದ ಮೂಗಿಗೆ ಅದು ಬರೀ ಗಾಳಿ.

ಅಂಗಡಿಯಲ್ಲಿ ಬಸಂತರಾಯ ಹೊಸ ಕಪ್ಪು, ಹೊಸ ಬಶಿ ತಂದಿಟ್ಟ. ಕಲ್ಮೇಶ ಬಶಿ ಒರೆಸಿದ, ಸುರಿದ, ಊದಿದ, ಎಳೆದ. ನಾಲಿಗೆಗೆ ಹುಳಿ ಬಡಿಯಿತು, ಹಲ್ಲಿನ ಸಂದಿಗೆ ಗಂಟುಗಂಟು ಹಾಲು ಸಿಕ್ಕಿತು. ಅವನು ಬಸಂತರಾಯನ ಎದೆಯ ಮೇಲೇ ಉಗಿದ.

ಒಡೆದ ಹಾಲಿನ ಚಹಾ ಕುಡಿಸುತ್ತೀಯಾ ಎಂದು ಗರ್ಜಿಸಿದವನು ಮುಂದೆ ಮಾಡಿದ್ದೆಲ್ಲ ಸುರೇಖಾಳ ಮೊಬೈಲಿನಲ್ಲಿ ಬಂತು. ಕುದಿಯುವ ಪಾತೆಲಿಯನ್ನು ಒಲೆಯ ಮೇಲೇ ಮಗುಚಿದ. ಒಲೆ ಬುಸ್ ಅಂದು ಆರಿತು. ಗಾಜಿನ ಬರಣಿಗಳನ್ನು ತೋಳಿನಿಂದ ಗುಡಿಸಿ ಕೆಡವಿದ. ವಿದ್ಯಾವತಿ ಬಿಡಿಸಿಟ್ಟ ತಿರುಳಿನ ಬುಟ್ಟಿಯನ್ನು ಕಾಲಿನಿಂದ ತುಳಿದ. ಬಸಂತರಾಯ ಪಾತೆಲಿಯಲ್ಲಿ ಇದ್ದದ್ದನ್ನು ಒಮ್ಮೆ ನೋಡಿ ಎಂದು ಕೈ ಮುಗಿಯುತ್ತಿದ್ದ, ಆದರೆ ಪಾತೆಲಿಯಲ್ಲಿದ್ದದ್ದು ಆಗಲೇ ನೆಲದ ಮೇಲಿತ್ತು. ಮಣ್ಣಿಗೆ ಸೇರಿದ ಹಾಲು ಒಡೆದಿತ್ತೋ ಇಲ್ಲವೋ, ಯಾರು ಹೇಳಬೇಕು.

ವಾರ ಕಳೆಯುವುದರೊಳಗೆ ಅಂಗಡಿಯ ಮುಂದೆ ನಾಯಿ ಮಲಗಿತು. ಕುಡಿದು ಹೊಟ್ಟೆ ಕೆಟ್ಟಿತೆಂದು ಸುಳ್ಳೇ ಜಗಳ ತೆಗೆದು ಯಾರೋ ಬೋರ್ಡು ಒಡೆದು ಹೋದರು.

ಬಸಂತರಾಯ ಸಣಕಲನೇ, ಆದರೆ ಮಣ್ಣಿನ ಮನುಷ್ಯನಲ್ಲ. ಹೆಂಡತಿಯ ತಮ್ಮ ಅಮಿತನನ್ನು ಕರೆದುಕೊಂಡು ಕಲ್ಮೇಶನನ್ನು ಹುಡುಕುತ್ತ ಸಿಂದಗಿಯ ಮಾರುಕಟ್ಟೆಗೆ ಬಂದ. ಕಲ್ಮೇಶ ಹಾಜಿಮಲಂಗನ ಹೋಟೆಲಿನಲ್ಲಿ ಕೂತಿದ್ದ. ಹಾಜಿಮಲಂಗ ಅಂದರೆ ಆ ಮಾರುಕಟ್ಟೆಗೆಲ್ಲ ಹಾಜಿಕಾಕಾ, ಬಿಳಿ ಗಡ್ಡದ ಹಿರಿಯ, ಅವನ ಚಹಾ ಕುಡಿಯದೆ ಅಲ್ಲಿ ಜೋಳ ತೊಗರಿಯ ವ್ಯವಹಾರ ಶುರುವಾಗುವುದಿಲ್ಲ. ಮೊಬೈಲಿನಲ್ಲಿ ಆಡಿದ್ದು ಸುಳ್ಳು ಎಂದು ಮೊಬೈಲಿನಲ್ಲೇ ಹೇಳು ಅಂತ ಬಸಂತರಾಯ ಕೇಳಿದ. ಕಲ್ಮೇಶ ನಕ್ಕ.

"ನಿನ್ನ ಚಾ ಎಮ್ಮಿಗಿ ಹಾಕು. ಅದೂ ಮೂಸಿ ನೋಡಿ ಹೊಳ್ಳಿ ಹೊಕ್ಕೈತಿ," ಅಂದ.

ಬಸಂತರಾಯ ಕಟ್ಟೆಯ ಮೇಲಿದ್ದ ಕುದಿಯುವ ಚಹಾದ ಕೆಟಲಿ ಎತ್ತಿ ಅವನ ಮುಖಕ್ಕೆ ಎರಚಿದ. ಕಿವಿಯಿಂದ ಕುತ್ತಿಗೆಯವರೆಗೆ ತೊಗಲು ಸುಲಿಯಿತು. ಕಲ್ಮೇಶ ಕೂಗಲಿಲ್ಲ. ಎದ್ದು ಗಾಡಿಯಿಂದ ಜಾಕಿನ ರಾಡು ತಂದ. ಮೊದಲ ಏಟಿಗೆ ಬಸಂತರಾಯನ ಬಲಗೈಯ ಮಣಿಕಟ್ಟು ಒಣ ಕಟ್ಟಿಗೆಯ ಹಾಗೆ ಸದ್ದು ಮಾಡಿ ಮುರಿಯಿತು, ಎರಡನೆಯದು ಬಾಯಿಗೆ ಬಿತ್ತು, ಮುಂದಿನ ಹಲ್ಲುಗಳು ಜೋಳದ ರಾಶಿಯಲ್ಲಿ ಹೋಗಿ ಬಿದ್ದವು. ಅಮಿತ ಹಮಾಲರ ಕಬ್ಬಿಣದ ಕೊಕ್ಕೆ ಕಸಿದು ಕಲ್ಮೇಶನ ಹುಬ್ಬು ಸೀಳಿದ. ಕಲ್ಮೇಶ ಅವನನ್ನು ತಲೆಗೂದಲು ಹಿಡಿದು ತಕ್ಕಡಿಗೆ ಬಡಿದ. ಮೂರನೆಯ ಸಲ ರಾಡು ಎತ್ತಿದಾಗ ಕೆಳಗೆ ಬಸಂತರಾಯನ ತಲೆ ಇತ್ತು. ಹಮಾಲರೆಲ್ಲ ಒಟ್ಟಿಗೆ ಮೇಲೆ ಬಿದ್ದು ಹಿಡಿಯದೆ ಹೋಗಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು.

ಹಾಫ್ ಮರ್ಡರ್ ಕೇಸು ಹಾಕಿಯೇ ತೀರುತ್ತೇನೆ ಅಂದ ಅಮಿತ, ಆಸ್ಪತ್ರೆಯ ಕಾಗದ ಹಿಡಿದು. ನೋಡಿದವರು ಮಾರುಕಟ್ಟೆಯ ತುಂಬ ಇದ್ದರು. ಕೇಸು ಬಿದ್ದರೆ ಕಲ್ಮೇಶ ವರ್ಷಗಟ್ಟಲೆ ಒಳಗೆ. ಆ ರಾತ್ರಿ ಸುರೇಖಾ ಗಂಡನ ಹುಬ್ಬಿಗೆ ಅರಿಶಿನ ಒತ್ತುತ್ತ, ದನಿ ಏರಿಸದೆ ಹೇಳಿದಳು:

"ಇಷ್ಟ್ ವರ್ಷ ನಿಮ್ಮ ಕೈ ಹಿಡದ ಹಿಡದ ನನ್ನ ಕೈ ಸೋತಾವ್ರಿ. ರಾಜಿ ಆದ್ರ ಆತು. ಜೇಲಿಗೆ ಬುತ್ತಿ ಹೊತಗೊಂಡ ನಾ ಬರಾಂಗಿಲ್ಲ. ನಮ್ಮ ಅವ್ವನ ಮನಿಗಿ ಹೊಕ್ಕೇನಿ, ಹೊಳ್ಳಿ ನೋಡಾಂಗಿಲ್ಲ."

ಹೊಡೆದಾಟಕ್ಕೆ ಹೆದರದವನು ಆ ಮಾತಿಗೆ ಹೆದರಿದ. ಆಕೆ ಸುಳ್ಳು ಆಡುವವಳಲ್ಲ.

ಸಿಂದಗಿಯ ಆ ಮಾರುಕಟ್ಟೆಯಲ್ಲಿ ರಾಜಿಗೆ ಒಂದು ಪದ್ಧತಿ ಇದೆ. ಹೊಡೆದವನು, ಹೊಡೆಸಿಕೊಂಡವನು ಇಬ್ಬರನ್ನೂ ಹಾಜಿಕಾಕಾನ ಹೋಟೆಲಿನಲ್ಲಿ ಎದುರುಬದುರು ಕೂರಿಸುತ್ತಾರೆ. ಬರುವುದು ಒಂದೇ ಚಹಾ. ಹೊಡೆದವನು ಅದರಲ್ಲಿ ಅರ್ಧ ಬಶಿಗೆ ಸುರಿದುಕೊಂಡು, ಕಪ್ಪನ್ನು ಎದುರಿನವನಿಗೆ ಕೊಡಬೇಕು. ಇಬ್ಬರೂ ಬಾಯಿ ಬಿಚ್ಚುವಂತಿಲ್ಲ. ಹೊಡೆಸಿಕೊಂಡವನು ಕುಡಿದು ಖಾಲಿ ಕಪ್ಪನ್ನು ಆ ಬಶಿಯ ಮೇಲೆ ಬೋರಲು ಹಾಕಿದರೆ ಜಗಳ ಸತ್ತಿತು, ಪೊಲೀಸು ಕೋರ್ಟು ಯಾವುದೂ ಇಲ್ಲ. ಕುಡಿಯದೆ ಎದ್ದರೆ ರಾಜಿ ಮುರಿಯಿತು, ಇಬ್ಬರೂ ತಮ್ಮ ತಮ್ಮ ಹಾದಿ. ಹಾಜಿಕಾಕಾ ತಾನೇ ಮುದ್ದೇಬಿಹಾಳಕ್ಕೆ ಹೋಗಿ ಬಸಂತರಾಯನನ್ನು ಒಪ್ಪಿಸಿದ. ಬರುತ್ತೇನೆ, ಕುಡಿಯುವ ಮಾತು ಕೊಡುವುದಿಲ್ಲ ಎಂದು ಬಸಂತರಾಯ ಒಡೆದ ಬಾಯಲ್ಲೇ ಹೇಳಿ ಕಳಿಸಿದ. ಅಮಿತ ಕೇಸಿನ ಅರ್ಜಿ ಬರೆಸಿ ಕಿಸೆಯಲ್ಲಿಟ್ಟುಕೊಂಡೇ ಬಂದ.

ಅವತ್ತೂ ಕಲ್ಮೇಶ ಲೋಡು ಇಳಿಸಿ ನೇರವಾಗಿ ಬಂದಿದ್ದ. ಅಡಿಯ ಚೀಲ ಅವತ್ತೂ ಸೋರಿತ್ತು, ಹಲಗೆ ಒರೆಸಿದ ಟವೆಲ್ಲು ಸುಟ್ಟಿರದ ಬದಿಯ ಹೆಗಲ ಮೇಲೆ ಒದ್ದೆಯಾಗಿ ಕೂತಿತ್ತು. ಎದುರಿಗೆ ಬಸಂತರಾಯ. ಬಲಗೈಗೆ ಪ್ಲಾಸ್ಟರು, ತುಟಿ ಇನ್ನೂ ಬದನೆಕಾಯಿ. ಅವನ ಹಿಂದೆ ವಿದ್ಯಾವತಿ ಸೆರಗು ಹೊದ್ದು ನಿಂತಿದ್ದಳು. ಸುತ್ತ ಹಮಾಲರು, ಅಡತಿಯ ದಲ್ಲಾಳಿಗಳು. ಹಾಜಿಕಾಕಾ ತನ್ನ ಮನೆಯ ಎಮ್ಮೆಯ ಹಾಲು ಎಲ್ಲರ ಮುಂದೆ ಕಾಯಿಸಿ ಚಹಾ ಮಾಡಿ ತಂದಿಟ್ಟ.

ಕಲ್ಮೇಶ ರೂಢಿಯ ಪ್ರಕಾರ ಟವೆಲ್ಲು ತೆಗೆದು ಬಶಿ ಒರೆಸಿದ. ಅರ್ಧ ಸುರಿದ. ಕಪ್ಪನ್ನು ಎದುರಿಗೆ ಸರಿಸಿದ. ಬಶಿ ಎತ್ತಲು ಬಗ್ಗಿದವನು ಬಗ್ಗಿದಂತೆಯೇ ಉಳಿದ.

ಬಶಿಯಲ್ಲಿ ಚಹಾ ಒಡೆಯುತ್ತಿತ್ತು. ಮೊದಲು ಸಣ್ಣ ಸಣ್ಣ ಬಿಳಿ ಚುಕ್ಕಿ, ಆಮೇಲೆ ಗಂಟು, ಗಂಟಿನ ಸುತ್ತ ಕಂದು ನೀರು.

ಅವನ ಕಿವಿಗೆ ಬೆಂಕಿ ಹತ್ತಿತು. ಮುದುಕನೂ ಅವರ ಕಡೆ ಸೇರಿದನೇ, ಒಡೆದ ಹಾಲು ಕುಡಿಸಿ ಎಲ್ಲರ ಮುಂದೆ ಅಣಕಿಸುತ್ತಾರೆಯೇ? ಬೆಂಚು ಎತ್ತಿ ಬಡಿಯಲು ಕೈ ಕೆಳಗೆ ಹೋಯಿತು. ಅಷ್ಟರಲ್ಲಿ ಬಸಂತರಾಯ ಎಡಗೈಯಿಂದ ಕಪ್ಪನ್ನು ವಾಲಿಸಿ ತೋರಿಸಿದ. ಅದೇ ಚಹಾ, ಅದೇ ಹಾಲು, ಕೆನೆ ಕಟ್ಟಿ ನುಣ್ಣಗೆ ಇತ್ತು. ಆಮೇಲೆ ಆ ಬೆರಳು ಕಲ್ಮೇಶನ ಹೆಗಲ ಕಡೆ ತಿರುಗಿತು.

ಸುರೇಖಾ ಜನರನ್ನು ಸರಿಸಿ ಬಂದು ಗಂಡನ ಹೆಗಲಿನಿಂದ ಟವೆಲ್ಲು ಎಳೆದುಕೊಂಡಳು. ಮೂಸಿದಳು. ಇನ್ನೊಂದು ಬಶಿಗೆ ಅದನ್ನು ಹಿಂಡಿ, ಮೇಲೆ ಕೆಟಲಿಯ ಚಹಾ ಸುರಿದಳು. ಎಲ್ಲರ ಕಣ್ಣೆದುರು ಅದೂ ಒಡೆಯಿತು.

"ಲಿಂಬಿ ರಸ," ಅಂದಳು. "ಅವತ್ತ ಮುದ್ದೇಬಿಹಾಳದಾಗೂ ಇದ ಟವೆಲ್ ಇತ್ರಿ. ಎಮ್ಮಿ ಅಡ್ಡ ಬಂದ ದಿನ."

ಕಲ್ಮೇಶ ಆಕೆಯ ಕೈಯಿಂದ ಟವೆಲ್ಲನ್ನು ತೆಗೆದುಕೊಂಡು ಮೂಗಿಗೆ ಒತ್ತಿ ಉಸಿರು ಎಳೆದ. ಏನೂ ಬರಲಿಲ್ಲ. ಇಷ್ಟೆಲ್ಲ ಊರಿನ ಚಹಾದ ಜಾತಕ ಬಿಚ್ಚಿದವನ ಮೂಗಿಗೆ ತನ್ನ ಹೆಗಲಿನ ವಾಸನೆ ಬರಲಿಲ್ಲ. ತುಳಿದ ಬುಟ್ಟಿ, ಮುರಿದ ಮಣಿಕಟ್ಟು, ಜೋಳದಲ್ಲಿ ಬಿದ್ದ ಹಲ್ಲು, ಎಲ್ಲ ಒಂದೇ ಸಲ ಅವನ ಮುಂದೆ ಬಂದು ಕೂತವು. ಅವನು ಒಡೆದ ಚಹಾದ ಬಶಿ ಎತ್ತಿದ. ಊದಲಿಲ್ಲ, ಕಣ್ಣು ಮುಚ್ಚಲಿಲ್ಲ. ಗಂಟು ಸಹಿತ, ಹುಳಿ ಸಹಿತ ಕೊನೆಯ ಹನಿಯವರೆಗೆ ಕುಡಿದು ಬಶಿ ಕೆಳಗಿಟ್ಟ.

ಬಸಂತರಾಯ ಕಪ್ಪು ಬಾಯಿಗಿಡಲಿಲ್ಲ. ಎದ್ದ. ಇದ್ದ ಒಂದು ಕೈ ಮುಷ್ಟಿ ಮಾಡಿ, ಮೈಯ ಬಲವನ್ನೆಲ್ಲ ಹಾಕಿ ಕಲ್ಮೇಶನ ಬಾಯಿಗೆ ಗುದ್ದಿದ. ತುಟಿ ಹರಿದು ರಕ್ತ ಗದ್ದಕ್ಕೆ ಇಳಿಯಿತು. ಹಮಾಲರು ಎದ್ದು ನಿಂತರು. ಕಲ್ಮೇಶನ ಬೆರಳುಗಳು ಬೆಂಚಿನ ಅಂಚನ್ನು ಹಿಡಿದವು, ಬೆಂಚು ಕಿರ್ ಅಂದಿತು. ಸುರೇಖಾ ಅವನ ಕೈ ಹಿಡಿಯಲು ಬರಲಿಲ್ಲ. ನಿಂತಲ್ಲೇ ನಿಂತು ನೋಡುತ್ತಿದ್ದಳು. ಬೆರಳು ಒಂದೊಂದಾಗಿ ಬಿಚ್ಚಿದವು. ಅವನು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ರಕ್ತದ ಮುಖವನ್ನು ಇನ್ನೊಂದು ಏಟಿಗೆ ಸಿಗುವ ಹಾಗೆ ಮೇಲೆತ್ತಿದ.

ಬಸಂತರಾಯ ಎರಡನೆಯದು ಹೊಡೆಯಲಿಲ್ಲ. ಏದುಸಿರು ಬಿಡುತ್ತ ಕೂತ. ಎಡಗೈಯಿಂದ ಕಪ್ಪು ಎತ್ತಿ, ಊದಿಕೊಂಡ ತುಟಿಯ ಸಂದಿನಿಂದ ನಿಧಾನಕ್ಕೆ ಹೀರಿದ. ಅರ್ಧ ಗದ್ದಕ್ಕೆ ಸೋರಿತು. ಅಮಿತ ಕಿಸೆಯೊಳಗೆ ಕೈ ಇಟ್ಟುಕೊಂಡೇ ಅಕ್ಕನ ಮುಖ ನೋಡಿದ. ಆಕೆ ಬೇಡ ಎಂದು ತಲೆ ಅಲ್ಲಾಡಿಸಿದಳು. ಬಸಂತರಾಯ ಖಾಲಿ ಕಪ್ಪನ್ನು ಕಲ್ಮೇಶನ ಬಶಿಯ ಮೇಲೆ ಬೋರಲು ಹಾಕಿದ. ಈಗ ಮಾತಾಡಬಹುದಿತ್ತು.

"ಮುದ್ದೇಬಿಹಾಳಕ್ಕ ಬಾ," ಅಂದ ಹಲ್ಲಿಲ್ಲದ ಬಾಯಲ್ಲಿ. "ಸೀತಾಫಲದ ಚಾ ಕುಡಿ. ಮೊಬೈಲೂ ತಗೊಂಡ ಬಾ. ಆ ಟವೆಲ್ ಅಷ್ಟ ಮನ್ಯಾಗ ಇಟ್ಟ ಬಾ."

ಕಲ್ಮೇಶ ಉತ್ತರ ಕೊಡಲು ಬಾಯಿ ಒರೆಸಿಕೊಂಡ, ಅದೇ ಟವೆಲ್ಲಿನಿಂದ. ಹರಿದ ತುಟಿಗೆ ಲಿಂಬೆ ತಾಗಿ ಉರಿ ನೆತ್ತಿಗೇರಿತು. ಮೂಗಿಗೆ ಸಿಗದಿದ್ದದ್ದು ತುಟಿಗೆ ಈಗ ಚೆನ್ನಾಗಿ ಗೊತ್ತಾಯಿತು. ಕಣ್ಣಲ್ಲಿ ನೀರು ತುಂಬಿಕೊಂಡು, ಹಲ್ಲು ಕಚ್ಚಿಕೊಂಡು, ಅವನು ಹೂಂ ಅಂದ.