ಹರಿದ ತೋಳು, ನೀಲಿ ಜಂಪರ್

ಅದು ಚಿಕ್ಕೋಡಿಯ ಸಂತೆಯ ದಿನ. ಅಕ್ಕ ರಾಯಬಾಗದಿಂದ ಬೆಳಗಿನ ಬಸ್ಸಿಗೆ ಬಂದಿದ್ದಳು. ಮನೆಯಲ್ಲೇ ಹೆಣ್ಣುಮಕ್ಕಳ ಜಂಪರ್, ಅಂದರೆ ರವಿಕೆ, ಹೊಲಿಯುತ್ತಿದ್ದ ಅವಳು ದಾರ, ಹುಕ್ಕು, ಅಸ್ತರಿನ ಬಟ್ಟೆ ಕೊಳ್ಳಲು ಹದಿನೈದು ದಿನಕ್ಕೊಮ್ಮೆ ನಮ್ಮೂರಿಗೆ ಬರುವಳು. ಕೊಳ್ಳುವುದು ಒಂದು ತಾಸಿನ ಕೆಲಸ. ಉಳಿದ ಹೊತ್ತಿನಲ್ಲಿ ನಾವಿಬ್ಬರೂ ಮ್ಯಾಟಿನಿ ನೋಡುತ್ತಿದ್ದೆವು. ಆ ದಿನವೂ ನೋಡಿದೆವು. ಮುಂದಿನ ಸಂತೆಯ ಹೊತ್ತಿಗೆ ಅಕ್ಕ ಇರಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು ಇದು. ಇಂಗ್ಲಿಷ್ ಸಿನಿಮಾಗಳು ಹಿಂದಿ ಮಾತಾಡುತ್ತ ನಮ್ಮ ಕಡೆಗೆ ಬರತೊಡಗಿದ್ದವು. ಆಕಾಶದಿಂದ ಯಾರೋ ಇಳಿದು ಬಂದು ಭೂಮಿಯನ್ನು ಸುಡುವ ಸಿನಿಮಾಗಳೆಂದರೆ ಅಕ್ಕನಿಗೆ ಇಷ್ಟ. ಸಂಸಾರದ ಸಿನಿಮಾ ಒಲ್ಲಳು. "ಮನ್ಯಾಗ ಅತ್ತದ್ದ ಸಾಕು, ಟಿಕೀಟ್ ತಗದ ಬ್ಯಾರೆ ಅಳೂದಾ?" ಎನ್ನುವಳು.

ಅವಳು ಸಿನಿಮಾ ನೋಡುತ್ತಿದ್ದುದು ಹೊಲಿಗೆಯವಳ ಕಣ್ಣಿನಿಂದ. ಆ ದಿನದ ಸಿನಿಮಾದಲ್ಲಿ ಒಂದು ಪಟ್ಟಣ ಪೂರ್ತಿ ಸುಟ್ಟುಹೋಗಿತ್ತು. ಓಡುವಾಗ ತಂತಿಗೆ ಸಿಕ್ಕು ನಾಯಕನ ಅಂಗಿಯ ಎಡತೋಳು ಭುಜದಿಂದ ಮೊಣಕೈವರೆಗೆ ಹರಿಯಿತು. ಗೋಡೆ ದಾಟಿ ಆಚೆ ಇಳಿದಾಗ ತೋಳು ನೆಟ್ಟಗಿತ್ತು. ಅಕ್ಕ ನನ್ನ ಪಕ್ಕೆಗೆ ತಿವಿದಳು.

"ಹರದ ತೋಳ ಯಾರ ಹೊಲದ್ರ ಬೇ? ಊರಾಗ ಒಂದ್ ನರಪಿಳ್ಳಿ ಉಳದಿಲ್ಲ, ಟೇಲರ್ ಉಳದಾನು?"

"ಅಕ್ಕಾ, ಗಪ್ಪ ಕುಂಡ್ರ."

ಅವಳು ಸುಮ್ಮನೆ ಕೂರುವವಳಲ್ಲ. ಆಕಾಶದಿಂದ ಬಂದವರು ಅದೇನೋ ಬೆಳಕು ಬಿಟ್ಟು ಲೋಕದ ಗಾಡಿಗಳನ್ನೆಲ್ಲ ನಿಲ್ಲಿಸಿದ್ದರು. ನಾಯಕನ ಜೀಪು ಮಾತ್ರ ಓಡಿತು.

"ಎಲ್ಲಾರ ಗಾಡಿ ಬಂದ್ ಬಿದ್ದಾವ, ಇವಂದ ಹೆಂಗ ಚಾಲೂ ಆತು?"

"ಹೀರೊ ಅದಾನಲ್ಲ."

"ಹೀರೊಗ ಡೀಸೆಲ್ ಬ್ಯಾರೆ ಐತೇನು?"

ಹಿಂದಿನ ಸಾಲಿನವನೊಬ್ಬ, "ಅಕ್ಕಾರ, ನಮಗ ಸಿನಿಮಾ ನೋಡಾಕ ಬಿಡ್ರಿ" ಎಂದ. "ನೋಡಪಾ ನೋಡು. ನಿನ್ನ ಕಣ್ಣ ನಾ ಹಿಡದೇನೇನು?" ಎಂದಳು ಅಕ್ಕ. ಅವನೇ ನಕ್ಕುಬಿಟ್ಟ.

ಆದರೆ ಅವಳ ದೊಡ್ಡ ತಕರಾರು ಬೇರೆಯೇ ಇತ್ತು. ಸಿನಿಮಾ ಮುಗಿದು ಹೊರಗೆ ಬರುವಾಗ ಹೇಳಿದಳು: "ಇಷ್ಟ ದೂರದಿಂದ ಬಂದಾರ, ಏನ ಬೇಕಾಗಿತ್ತು ಅಂತ ಒಂದ್ ಮಾತ ಹೇಳಲಿಲ್ಲ. ಈ ಮಂದಿನೂ ಅಂತಾದ್ದ. ಬಂದವರಿಗೆ ಒಬ್ಬರಾರ ಬೆಲ್ಲ-ನೀರ ಕೊಟ್ರೇನು? ಸೀದಾ ಗುಂಡ."

ಇಷ್ಟು ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಅವಳು ರಾಯಬಾಗದ ಬಸ್ಸು ಹತ್ತಿದ್ದು, ಬಲಗೈಯಲ್ಲಿ ಕಂಬಿ ಹಿಡಿದು, ಎಡಗೈಯಲ್ಲಿ ನಿರಿಗೆ ಎತ್ತಿಕೊಂಡು, ಹಿಂದಿರುಗಿ ನೋಡಿ, "ಬಿಸಿಲಾಗ ನಿಂದ್ರಬ್ಯಾಡ ಬೇ, ಒಳಗ ಹೋಗು" ಎಂದದ್ದು. ಇದನ್ನೂ ನಾನು ವರ್ಷಗಟ್ಟಲೆ ಅಷ್ಟೇ ಗಟ್ಟಿಯಾಗಿ ನಂಬಿದ್ದೆ. ನಾವು ಆರಾಮಾಗಿದ್ದ ಕೊನೆಯ ದಿನ ಅದು. ಅದೊಂದನ್ನಾದರೂ ಎಲ್ಲಿಯೂ ಹರಿಯದಂತೆ ಪೂರ್ತಿಯಾಗಿ ಇಟ್ಟುಕೊಳ್ಳಬೇಕೆಂದು ದಿನಾ ಮನಸ್ಸಿನಲ್ಲಿ ಮೊದಲಿನಿಂದ ನೋಡುತ್ತಿದ್ದೆ.

ಐದನೆಯ ದಿನ ಬೆಳಿಗ್ಗೆ ಪಕ್ಕದ ಮನೆಗೆ ಫೋನ್ ಬಂತು. ರಾತ್ರಿಯಿಂದ ಅಕ್ಕನಿಗೆ ತಡೆಯಲಾರದ ತಲೆನೋವು, ಎರಡು ಸಲ ವಾಂತಿ. ನಾನು ರಾಯಬಾಗ ಮುಟ್ಟುವಷ್ಟರಲ್ಲಿ ಮಿರಜಿನ ಆಸ್ಪತ್ರೆಗೆ ಒಯ್ಯಲು ಜೀಪು ಬಾಗಿಲಿಗೆ ಬಂದಿತ್ತು. ಅಕ್ಕ ತಾನೇ ನಡೆದು ಬಂದು ಹತ್ತಿದಳು. ಅವಳ ಮಗಳನ್ನು ನೋಡಿಕೊಳ್ಳಲು ನಾನು ಮನೆಯಲ್ಲಿ ಉಳಿದೆ. ತಲೆಯಲ್ಲಿ ನರ ಒಡೆದಿತ್ತಂತೆ. ಮೈಮೇಲಿದ್ದ ಬಟ್ಟೆಯಲ್ಲೇ ಮರಳಿ ತಂದರು.

ಆಮೇಲೂ ಅಂಥ ಸಿನಿಮಾ ಬಂದಾಗ ನಾನು ಒಬ್ಬಳೇ ಹೋಗುತ್ತಿದ್ದೆ. ಒಮ್ಮೆ ತೆರೆಯ ಮೇಲೆ ನಾಯಕನ ಹಣೆಯ ಗಾಯ ಬಲದಿಂದ ಎಡಕ್ಕೆ ಹೋಯಿತು. "ನೋಡ, ನೋಡ" ಎಂದೆ, ಬಾಯಿತಪ್ಪಿ. ಪಕ್ಕದ ಹೆಂಗಸು "ಏನಂದ್ರಿ?" ಎಂದಳು. "ಏನಿಲ್ರಿ" ಎಂದೆ.

ಒಂದು ದಿನ ಮನಸ್ಸಿನ ಆ ಸಂಜೆಯಲ್ಲೇ ತಪ್ಪು ಕಂಡಿತು. ಟಾಕೀಜಿನಲ್ಲಿ ನನ್ನ ಪಕ್ಕೆಗೆ ತಿವಿದ ಮೊಣಕೈಯ ಮೇಲೆ ಹಸಿರು ತೋಳಿತ್ತು, ಅಂಚಿಗೆ ಹಳದಿ ಪಟ್ಟಿ. ಬಸ್ಸಿನ ಕಂಬಿ ಹಿಡಿದ ಕೈಗೆ ನೀಲಿ ತೋಳು. ಎಷ್ಟು ಸಲ ನೋಡಿದರೂ ಒಳಗೆ ಹಸಿರು, ಹೊರಗೆ ನೀಲಿ.

ಅಕ್ಕನ ಮನೆಗೆ ಹೋದಾಗ ಅವಳ ಅಳತೆಯ ಪುಸ್ತಕ ಕೇಳಿದೆ. ಯಾರ ಜಂಪರ್ ಕತ್ತರಿಸಿದರೂ ಅಳತೆ ಬರೆದು, ಅದೇ ಬಟ್ಟೆಯ ಚೂರನ್ನು ಟಾಚಣಿಯಿಂದ ಪುಟಕ್ಕೆ ಚುಚ್ಚಿ, ಕೆಳಗೆ ಕತ್ತರಿಸಿದ ತಾರೀಖು ಹಾಕುವುದು ಅವಳ ಪದ್ಧತಿ. ತನ್ನದಕ್ಕೂ ಹಾಗೇ ಮಾಡುತ್ತಿದ್ದಳು. ಅಕ್ಕನ ಗಂಡ ಅಟ್ಟದಿಂದ ಪುಸ್ತಕ ತೆಗೆದು ಕೊಟ್ಟರು.

"ಏನ ಹುಡಕತಿ ಅದರಾಗ?"

"ಬಣ್ಣ ನೋಡಬೇಕಾಗಿತ್ರಿ ಮಾಮಾ."

"ನೋಡವಾ. ನನಗಂತೂ ಅದರಾಗಿಂದ ಏನೂ ತಿಳಿಯಂಗಿಲ್ಲ. ಟಾಚಣಿ ಜಂಗ ಹಿಡದಾವ, ಚುಚ್ಚೀತು."

ನೀಲಿ ಚೂರು ಕೊನೆಯ ಪುಟದಲ್ಲಿತ್ತು. ತಾರೀಖು ಸಂತೆಯ ಮರುದಿನದ್ದು. ಆ ಬಟ್ಟೆಯನ್ನು ಅವಳು ಕತ್ತರಿಸಿದ್ದೇ ನಮ್ಮೂರಿನಿಂದ ಹೋದ ಮೇಲೆ.

ಪುಸ್ತಕ ಮಡಿಲಲ್ಲಿಟ್ಟುಕೊಂಡು ಆ ದಿನವನ್ನು ಮತ್ತೆ ಮೊದಲಿನಿಂದ ನೋಡಿದೆ. ಒಂದು ತಪ್ಪು ಸಿಕ್ಕ ಮೇಲೆ ಇನ್ನೊಂದು ತಾನಾಗಿ ಕಂಡಿತು. ಅದು ಕಬ್ಬು ಕಡಿಯುವ ಚಳಿಗಾಲ. ಸಿನಿಮಾ ಬಿಡುವಾಗ ಆರು ಗಂಟೆ, ದೀಪ ಹಚ್ಚುವ ಹೊತ್ತು. ಆ ಹೊತ್ತಿಗೆ ಎಲ್ಲಿಯ ಬಿಸಿಲು? ಬಿಸಿಲಿದ್ದದ್ದು ಜೀಪು ಹೊರಟ ಬೆಳಿಗ್ಗೆ. ನೀಲಿ ಜಂಪರ್ ಇದ್ದದ್ದು ಅಂದು. ಕಂಬಿ ಹಿಡಿದದ್ದು, ನಿರಿಗೆ ಎತ್ತಿದ್ದು, ಹಿಂದಿರುಗಿ ನೋಡಿ ನನ್ನನ್ನು ಒಳಗೆ ಕಳಿಸಿದ್ದು, ಎಲ್ಲವೂ ಅಂದಿನದೇ. ನಾನೇ ಅದನ್ನು ಅಲ್ಲಿಂದ ಕತ್ತರಿಸಿ ತಂದು ಬಸ್ ಸ್ಟ್ಯಾಂಡಿಗೆ ಜೋಡಿಸಿಕೊಂಡಿದ್ದೆ, ಅವಳು ಆರಾಮಾಗಿ ಊರಿಗೆ ಹೋದಳು ಎನ್ನುವಂತೆ.

ಪುಸ್ತಕ ಕೇಳದೆ ಇದ್ದಿದ್ದರೆ ಚೆನ್ನಾಗಿತ್ತೇನೋ ಎಂದು ಈಗಲೂ ಅನ್ನಿಸುತ್ತದೆ. ತಪ್ಪು ತಿದ್ದಿಕೊಂಡೆ, ಸರಿ. ಆದರೆ ಆ ಜಾಗದಲ್ಲಿ ಇಡಲು ನನ್ನ ಬಳಿ ಬೇರೇನೂ ಇರಲಿಲ್ಲ. ಟಾಕೀಜಿನ ಬಾಗಿಲಿನಿಂದ ಬಸ್ ಸ್ಟ್ಯಾಂಡಿನವರೆಗೆ ನಾವಿಬ್ಬರೂ ನಡೆದೇ ಹೋಗಿರಬೇಕು. ಅವಳು ಬಸ್ಸು ಹತ್ತಿರಬೇಕು, ಏಕೆಂದರೆ ಮನೆ ಮುಟ್ಟಿದ್ದಾಳೆ, ಮರುದಿನ ಬಟ್ಟೆ ಕತ್ತರಿಸಿದ್ದಾಳೆ. ಹತ್ತುವ ಮುಂಚೆ ನನಗೆ ಏನೋ ಹೇಳಿದ್ದಾಳೆ. ಅದು ನನಗೆ ನೆನಪಿಲ್ಲ.