ನಾಲ್ಕು ಗಂಟೆಯ ಬಸ್ಸು, ಮಹಾಲಕ್ಷ್ಮಮ್ಮನ ಚಾಪೆ

ಹಳ್ಳಿಯ ಹೆಂಗಸರಿಗೆ ವ್ಯಾಪಾರದ ಬುದ್ಧಿ ಸಾಲದೆಂದು ಸಲೀಸಾಗಿ ಹೇಳುವವರು ಬೇಗೂರಿನ ಮಹಾಲಕ್ಷ್ಮಮ್ಮನನ್ನು ಕಂಡವರಲ್ಲ. ೧೯೯೪ರಲ್ಲಿ ಆಕೆಗೆ ನಲವತ್ತೆಂಟು. ಮುಕ್ಕಾಲು ಎಕರೆ ಹಿಪ್ಪುನೇರಳೆ ತೋಟ, ಮನೆಯಲ್ಲಿ ಸದಾ ರೇಷ್ಮೆಹುಳು. ಗಂಡನಿಲ್ಲದ ಸಂಸಾರ ನಡೆಯುತ್ತಿದ್ದುದು ಗೂಡಿನ ಬೆಲೆಯ ಮೇಲೆ.

ಚಾಮರಾಜನಗರದ ಗೂಡಿನ ಮಾರುಕಟ್ಟೆಯಲ್ಲಿ ಬೆಳಗಿನ ಹರಾಜಿನ ಕೂಗು ಒಪ್ಪಿಗೆಯಾಗದಿದ್ದರೆ ಮೂರೂವರೆಗೆ ಮತ್ತೊಂದು. ಊರಿಗೆ ಮರಳಲು ಇದ್ದ ಗುಂಡ್ಲುಪೇಟೆಯ ಬಸ್ಸು ನಾಲ್ಕಕ್ಕೆ. ಅದು ತಪ್ಪಿದರೆ ಮನೆಯಲ್ಲಿರುವ ಎಳೆ ಹುಳುವಿಗೆ ಸಂಜೆಯ ಸೊಪ್ಪು ಬೀಳದು. ನೂಲು ತೆಗೆಯುವ ರೀಲರುಗಳಿಗೆ ಇದೆಲ್ಲ ಗೊತ್ತು. ಬೆಳಗ್ಗೆ ಬಾಯಿ ಬಿಗಿಹಿಡಿದು, ಬಸ್ಸಿನ ಹೊತ್ತಿಗೆ ಅಗ್ಗಕ್ಕೆ ಕೂಗುತ್ತಿದ್ದರು. ಹೆಂಗಸರು ಸಿಕ್ಕಷ್ಟಕ್ಕೆ ಕೊಟ್ಟು ಓಡುತ್ತಿದ್ದರು. ಇದನ್ನು ಪೆದ್ದುತನವೆಂದು ಕರೆಯುವುದು ಶುದ್ಧ ಅನ್ಯಾಯ.

ತನ್ನ ಆತುರ ಎಲ್ಲರಿಗೂ ಕಾಣುತ್ತದೆ, ರೀಲರ್ ಅಬ್ದುಲ್ ಜಬ್ಬಾರನ ಆತುರ ಕಾಣುವುದಿಲ್ಲ ಎಂಬುದು ಮಹಾಲಕ್ಷ್ಮಮ್ಮನಿಗೆ ಹೊಳೆಯಿತು. ಗೂಡಿಲ್ಲದಿದ್ದರೆ ಮರುದಿನ ಅವನ ಗೂಡು ಬೇಯಿಸುವ ಒಲೆಯೂ ತಣ್ಣಗೆ, ಆಳುಗಳೂ ಸುಮ್ಮನೆ. ಮುಂದಿನ ಬೆಳೆಗೆ ಆಕೆ ಗೂಡಿನ ಜೊತೆ ಚಾಪೆಯನ್ನೂ ಹೊತ್ತು ತಂದಳು.

"ಏನಮ್ಮಾ, ಚಾಪೆ ಯಾಕೆ?" ಎಂದ ಜಬ್ಬಾರ್.

"ತಂಗಿ ಮನೇಲಿ ಉಳ್ಕತೀನಿ ಸಾಬ್ರೇ. ನಾಳೆ ಹೋದ್ರಾಯ್ತು."

ಬೆಳಗ್ಗೆಯೇ ಒಳ್ಳೆಯ ಬೆಲೆ ಬಂತು. ಆದರೆ ನಾಲ್ಕರ ಬಸ್ಸು ಹತ್ತುತ್ತಿದ್ದ ಆಕೆಯನ್ನು ಜಬ್ಬಾರ್ ಕಂಡುಬಿಟ್ಟ. ಇತ್ತ ಬೇಗೂರಿಡೀ ಚಾಪೆಯಿಂದ ಬೆಲೆ ಬಂದ ಸುದ್ದಿ ಹಬ್ಬಿತು. ಮುಂದಿನ ಬೆಳೆಗೆ ಬೇಗೂರಿನವರೆಲ್ಲ ಚಾಪೆ ತಂದರು.

"ಎಲ್ರ ತಂಗೀರೂ ಇದೇ ಊರಲ್ಲೇ ಇದಾರೇನಮ್ಮಾ?" ಜಬ್ಬಾರ್ ನಕ್ಕ. ಮೂರೂವರೆಯ ಕೂಗಿನಲ್ಲಿ ಬೆಲೆ ಹಿಂದಿಗಿಂತಲೂ ಕೆಳಗಿಳಿಯಿತು.

ಬಸ್ಸಿನಲ್ಲಿ ಪಕ್ಕದ ಮನೆಯ ಮಂಗಮ್ಮ ಸಿಡುಕಿದಳು. "ನಿನ್ ಚಾಪೆ ನಂಬ್ಕಂಡು ಕೆಟ್ಟೆ ಕಣಮ್ಮಿ."

"ಚಾಪೆದೇನೂ ತಪ್ಪಿಲ್ಲ ಬುಡು. ಕೂರೋಕ್ ಆಗ್ದವ್ರು ಕೂರ್ತೀವಿ ಅಂದ್ರೆ ಯಾರ್ ನಂಬ್ತಾರೆ? ನಿಜವಾಗ್ಲೂ ಕೂರನ."

ಅದರ ಮುಂದಿನ ಬೆಳೆಗೆ ಮಾರುಕಟ್ಟೆಗೆ ಬಂದವರು ಮಹಾಲಕ್ಷ್ಮಮ್ಮ, ಮಂಗಮ್ಮ ಇಬ್ಬರೇ. ಮಹಾಲಕ್ಷ್ಮಮ್ಮನ ಓರಗಿತ್ತಿ ಸುಂದ್ರಮ್ಮ ಮೂರೂ ಮನೆಯ ಹುಳುವಿಗೆ ಸೊಪ್ಪು ಹಾಕಲು ಊರಿನಲ್ಲಿ ಉಳಿದಳು. ಅವಳ ಗೂಡನ್ನೂ ಇವರೇ ಹೊತ್ತು ತಂದಿದ್ದರು. ಎರಡೂ ಕೂಗಿನ ಬೆಲೆಗೆ ಇಬ್ಬರೂ ಒಲ್ಲೆವೆಂದು ತಲೆಯಾಡಿಸಿದರು. ನಾಲ್ಕಕ್ಕೆ ಬಸ್ಸು ಹಾರನ್ ಹೊಡೆಯಿತು. ಮಂಗಮ್ಮನ ಕಾಲು ತಾನಾಗಿ ಎದ್ದಿತು; ಮಹಾಲಕ್ಷ್ಮಮ್ಮ ಸೆರಗು ಹಿಡಿದು ಕೂರಿಸಿದಳು. ಬಸ್ಸು ಹೋಯಿತು.

ಜಬ್ಬಾರ್ ಬಸ್ಸಿನ ಧೂಳನ್ನೂ ಚಾಪೆಯನ್ನೂ ಒಂದೊಂದು ಸಲ ನೋಡಿದ.

"ತಂಗಿ ಮನೆ ನಿಜವಾ ಅಮ್ಮಾ?"

"ತಂಗಿ ಇಲ್ಲ ಸಾಬ್ರೇ. ಓರಗಿತ್ತಿ ಅವ್ಳೆ, ಹುಳ ನೋಡ್ಕತಾವ್ಳೆ. ನಿಮ್ ಒಲೆ ಯಾರ್ ನೋಡ್ಕತಾರೆ?"

ಜಬ್ಬಾರ್ ತಲೆ ಕೆರೆದು ಕಿಲೋಗೆ ಒಂಬತ್ತು ರೂಪಾಯಿ ಏರಿಸಿದ. ಆಕೆ ಚಾಪೆ ಸುತ್ತಲಿಲ್ಲ. ಇನ್ನೆರಡು ಏರಿಸಿದ. ಆಗ ಸುತ್ತಿದಳು.